ಸಹಾಯಾರ್ಥ: ಯಾರ ಸಹಾಯಾರ್ಥ?

ಮಳೆಗಾಲ ಮುಗಿಯುತ್ತ ಬಂದಂತೆ ಮುಂಬಯಿಯ ಕನ್ನಡಿಗರ ಮನೆಗಳಿಗೆ ಟಿಕೇಟು ಪುಸ್ತಕಗಳು ಬರತೊಡಗುತ್ತವೆ. 'ಶಾಲೆಯ ಸಹಾಯಾರ್ಥ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ತಂದವರು ಪರಿಚಿತರೇ ಆದ್ದರಿಂದ ಇಲ್ಲವೆನ್ನಲು ಬಾಯಿ ಬರುವುದಿಲ್ಲ. 'ಎರಡಾದರೂ ತಗೊಳ್ಳಿ ರಾಯರೇ, ನೀವು ಬರದಿದ್ದರೂ ಪರವಾಗಿಲ್ಲ' ಎನ್ನುತ್ತಾರೆ. ನನ್ನ ಜಗಳವಿರುವುದು ಈ 'ಬರದಿದ್ದರೂ ಪರವಾಗಿಲ್ಲ' ಎಂಬ ಮಾತಿನೊಡನೆ. ನಾನು ಬರುವುದು ಬೇಡ, ನನ್ನ ಮಗು ಆ ಶಾಲೆಗೆ ಬರುವುದೂ ಬೇಡ, ದುಡ್ಡು ಬಂದರೆ ಸಾಕು! ಆ ದುಡ್ಡಾದರೂ ಶಾಲೆಗೆ ಮುಟ್ಟುತ್ತದೆಯೇ?

ಕಳೆದ ವರ್ಷ ಇಂಥ ಒಂದು ಪ್ರದರ್ಶನವಾದ ಮೇಲೆ ಅದರ ಜಮಾಖರ್ಚನ್ನು ಕೂಡಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಿ.ಎಸ್ಸಿ. ಓದಿ ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕುಳಿತ ಗುಮಾಸ್ತನಿಗೆ ಕೂಡುವುದು ಕಳೆಯುವುದು ಬಿಟ್ಟರೆ ಬೇರೇನು ಬಂದೀತು ಎಂದು ಅವರು ತಿಳಿದಿರಬೇಕು. ಶಾಲೆಯ ಹೆಸರು ಬೇಡ. ಹೆಸರು ಹೇಳಿದರೆ ಮಿಕ್ಕ ಶಾಲೆಗಳವರು 'ಸದ್ಯ, ನಮ್ಮದಲ್ಲ' ಎಂದು ನಿರುಮ್ಮಳರಾಗುತ್ತಾರೆ.

ಟಿಕೇಟಿನಿಂದ ಎರಡು ಲಕ್ಷ ಹತ್ತು ಸಾವಿರ, ಸ್ಮರಣ ಸಂಚಿಕೆಯ ಜಾಹೀರಾತಿನಿಂದ ಮೂರು ಲಕ್ಷ ಅರುವತ್ತು ಸಾವಿರ, ವೇದಿಕೆಯ ಮೇಲೆ ಘೋಷಣೆಯಾದ ದೇಣಿಗೆ ಎಪ್ಪತ್ತು ಸಾವಿರ. ಒಟ್ಟು ₹೬,೪೦,೦೦೦. ಮರುದಿನ 'ಅಭೂತಪೂರ್ವ ಯಶಸ್ಸು' ಎಂದು ಎಲ್ಲರ ಮೊಬೈಲಿಗೂ ಸಂದೇಶ ಬಂತು. ಇನ್ನು ಖರ್ಚು ನೋಡಿ. ಸಭಾಗೃಹ, ಧ್ವನಿವರ್ಧಕ, ದೀಪ ₹೧,೩೫,೦೦೦. ಬೆಂಗಳೂರಿನಿಂದ ಬಂದ ತಂಡದ ಸಂಭಾವನೆ, ಪ್ರಯಾಣ, ವಸತಿ ₹೨,೨೦,೦೦೦. ಸ್ಮರಣ ಸಂಚಿಕೆಯ ಮುದ್ರಣ ₹೯೫,೦೦೦. ಊಟ ಉಪಾಹಾರ ₹೪೮,೦೦೦. ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ ₹೩೨,೦೦೦. ಕೂಡಿದರೆ ₹೫,೩೦,೦೦೦. ಉಳಿದ ಒಂದು ಲಕ್ಷ ಹತ್ತು ಸಾವಿರದಲ್ಲಿ ನಲವತ್ತು ಸಾವಿರ ಇನ್ನೂ ಬಾರದ ಜಾಹೀರಾತಿನ ಬಾಕಿ. ಅಂದರೆ ಕೈಯಲ್ಲಿದ್ದದ್ದು ಎಪ್ಪತ್ತು ಸಾವಿರ. ಕೈಗೆ ಬಂದ ಪ್ರತಿ ನೂರು ರೂಪಾಯಿಯಲ್ಲಿ ಶಾಲೆಗೆ ಮುಟ್ಟಿದ್ದು ಹನ್ನೆರಡು ರೂಪಾಯಿಗೂ ಕಡಿಮೆ.

ಇಷ್ಟಕ್ಕೂ ಈ ಪ್ರದರ್ಶನ ಏತಕ್ಕಾಗಿ ಎಂದು ಕೇಳಿದರೆ, ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿಗೆ. ಅಂದಾಜು ವೆಚ್ಚ ₹೧,೮೫,೦೦೦. ಎಪ್ಪತ್ತು ಸಾವಿರದಲ್ಲಿ ಆಗದೆಂದು ಹಣವನ್ನು ಬ್ಯಾಂಕಿನಲ್ಲಿ ಇಟ್ಟರು. ಎರಡು ಬಾಗಿಲುಗಳಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಮುಖ್ಯ ಅತಿಥಿಗಳಿಗೆ ಹೊದಿಸಿದ ಶಾಲುಗಳ ದುಡ್ಡಿನಲ್ಲಿ ಎಷ್ಟು ಚಿಲಕ ಬರುತ್ತಿತ್ತು ಎಂಬ ಲೆಕ್ಕವನ್ನು ನಾನು ಮಾಡಲಿಲ್ಲ, ನಾಚಿಕೆಯಾಯಿತು.

'ಕಾರ್ಯಕ್ರಮವೇ ಇಲ್ಲದಿದ್ದರೆ ಜನ ಸೇರುವುದು ಹೇಗೆ?' ಎಂದು ಪದಾಧಿಕಾರಿಗಳು ಕೇಳುತ್ತಾರೆ. ಕಾರ್ಯಕ್ರಮ ಬೇಡವೆಂದು ಯಾರು ಹೇಳಿದರು? ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳಗಳು ಈ ನಗರಕ್ಕೆ ಬಂದಾಗ ರಾತ್ರಿಯೆಲ್ಲ ಕುಳಿತು ನೋಡುವವರಲ್ಲಿ ನಾನೂ ಒಬ್ಬ. ಕಲೆಗಾಗಿ ಕಲೆಯ ಟಿಕೇಟು ಮಾರಿ, ಸಂತೋಷ. ಶಾಲೆಯ ಹೆಸರಿನಲ್ಲಿ ಮಾರುವುದಾದರೆ ಮಾತ್ರ ಖರ್ಚಿನ ಹಣವನ್ನು ಹೊರುವವರು ಮೊದಲು ಸಿಗಲಿ, ಆಮೇಲೆ ಟಿಕೇಟು ಅಚ್ಚಾಗಲಿ. ಹಾಗಾದಾಗ ಟಿಕೇಟಿನ ಪ್ರತಿ ರೂಪಾಯಿಯೂ ಶಾಲೆಯದು. ಖರ್ಚು ಹೊರುವವರು ಸಿಗದಿದ್ದರೆ ಶಾಲೆಯ ಅಂಗಳದಲ್ಲಿ ಮಕ್ಕಳದೇ ನಾಟಕವಾಗಲಿ. ಪಾಲಕರು ಕುರ್ಚಿ ಹಾಕುತ್ತಾರೆ, ತಾಯಂದಿರು ಉಪ್ಪಿಟ್ಟು ಮಾಡುತ್ತಾರೆ. ಬಂದವರು ಆ ಬಾಗಿಲುಗಳನ್ನೂ ಕಣ್ಣಾರೆ ನೋಡಿ ಹೋಗುತ್ತಾರೆ. ಹವಾನಿಯಂತ್ರಿತ ಸಭಾಗೃಹದಲ್ಲಿ ಕುಳಿತವನಿಗೆ ಶಾಲೆಯ ಶೌಚಾಲಯ ಹೇಗೆ ಕಂಡೀತು?

ಶಾಲೆ ಕಟ್ಟಲು ದುಡ್ಡು ಕೂಡಿಸುವುದು ನಮ್ಮ ಸೀಮೆಗೆ ಹೊಸತೇನಲ್ಲ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಮಂದಿ ಶಿಕ್ಷಕರು, ಸಾಹುಕಾರರಲ್ಲ. ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದ ಕರ್ಮವೀರ ಭಾವುರಾವ್ ಪಾಟೀಲರು ಸಾತಾರಾ ಸೀಮೆಯಲ್ಲಿ ಮನೆಮನೆಯಿಂದ ಹಿಡಿ ಹಿಡಿ ಧಾನ್ಯ ಕೂಡಿಸಿದರು. ವಸತಿಗೃಹದ ಹುಡುಗರ ಊಟಕ್ಕೆ ಅವರ ಪತ್ನಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಮಾರಿದರು. ಹಿಡಿ ಧಾನ್ಯ ಕೊಟ್ಟ ಹೆಂಗಸಿಗೆ ಆ ಶಾಲೆ ತನ್ನದೆನಿಸಿತು. ನಮ್ಮ ಸ್ಮರಣ ಸಂಚಿಕೆಯ ಜಾಹೀರಾತುದಾರನಿಗೆ ಶಾಲೆ ಎಲ್ಲಿದೆಯೆಂದೂ ತಿಳಿಯದು. ಅವನು ಪುಟ ಕೊಂಡದ್ದು ಕಾರ್ಯದರ್ಶಿಯ ದಾಕ್ಷಿಣ್ಯಕ್ಕೆ. ಕಾರ್ಯದರ್ಶಿ ಬದಲಾದರೆ ಜಾಹೀರಾತೂ ನಿಂತುಹೋಗುತ್ತದೆ.

ಈ ನಗರದಲ್ಲೇ ಹಗಲು ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರಿದ್ದರು. ಅವರಲ್ಲಿ ಹಲವರು ಇಂದು ತಾತಂದಿರು. ಅವರ ಮನೆಗೆ ಹೋಗಿ 'ತಿಂಗಳಿಗೆ ನೂರು ರೂಪಾಯಿ' ಎಂದು ಕೇಳಿದವರು ಯಾರು? ಇನ್ನೂರೈವತ್ತು ಮನೆಗಳು ತಿಂಗಳಿಗೆ ನೂರರಂತೆ ಕೊಟ್ಟರೆ ವರ್ಷಕ್ಕೆ ಮೂರು ಲಕ್ಷ. ಸಭಾಗೃಹದ ಬಾಡಿಗೆಯಿಲ್ಲ, ಹಾರವಿಲ್ಲ, ಒಂದು ರಶೀದಿ ಪುಸ್ತಕ ಸಾಕು. ಕೆಲಸ ಬೇಸರದ್ದು ನಿಜ. ತಿಂಗಳು ತಿಂಗಳು ಮೆಟ್ಟಿಲು ಹತ್ತಬೇಕು, ಫೋಟೋ ತೆಗೆಯುವವರು ಯಾರೂ ಇರುವುದಿಲ್ಲ. ಇದನ್ನು ಯಾರೂ ಮಾಡದಿರುವುದಕ್ಕೆ ಕಾರಣ ಅದೇ ಇರಬಹುದೆಂದು ನನ್ನ ಅನುಮಾನ.

ಲೆಕ್ಕದ ವಿಷಯದಲ್ಲಿ ಒಂದೆರಡು ಮಾತು ಹೇಳದೆ ಗತಿಯಿಲ್ಲ. ದೇಣಿಗೆ ಕೊಟ್ಟವರಿಗೆ 'ಎಂಬತ್ತು-ಜಿ ಸಿಗುತ್ತದೆ' ಎಂದು ಎಲ್ಲರೂ ಧಾರಾಳವಾಗಿ ಹೇಳುತ್ತಾರೆ. ಎರಡು ಸಾವಿರಕ್ಕೆ ಮೇಲ್ಪಟ್ಟು ನಗದು ಕೊಟ್ಟರೆ ಆ ತೆರಿಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯನ್ನು ಒಪ್ಪಿಕೊಂಡವರಿಗೂ ಇಲ್ಲ. ಅದನ್ನು ಮೊದಲೇ ಹೇಳುವುದು ಮರ್ಯಾದೆ. ಇನ್ನು ಕೆಲವು ಕಡೆ ಮಗುವನ್ನು ಸೇರಿಸಲು ಬಂದ ತಂದೆಯ ಕೈಯಲ್ಲೇ ಟಿಕೇಟು ಪುಸ್ತಕ ಇಡುತ್ತಾರಂತೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಹದಿಮೂರನೆಯ ಕಲಮು ಪ್ರವೇಶದ ವೇಳೆ ಇಂಥ ವಂತಿಗೆ ವಸೂಲಿಯನ್ನು ನಿಷೇಧಿಸಿದೆ. ತೆಗೆದುಕೊಂಡದ್ದರ ಹತ್ತು ಪಟ್ಟಿನವರೆಗೆ ದಂಡವಿದೆ. ಸಹಾಯಾರ್ಥವೆಂಬ ಹೆಸರಿಟ್ಟ ಮಾತ್ರಕ್ಕೆ ಕಾಯಿದೆ ಕಣ್ಣು ಮುಚ್ಚುವುದಿಲ್ಲ.

'ಇಷ್ಟು ಮಾತಾಡುವ ನೀವು ಕಚೇರಿಯಲ್ಲಿ ಎಷ್ಟು ಟಿಕೇಟು ಮಾರಿದಿರಿ?' ಎಂದು ಒಬ್ಬರು ನನ್ನನ್ನು ಸಭೆಯಲ್ಲೇ ಕೇಳಿದರು. ಒಂದೂ ಇಲ್ಲ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, ೧೯೬೪, ಹನ್ನೆರಡನೆಯ ನಿಯಮದಂತೆ ಸರ್ಕಾರಿ ನೌಕರನು ಪೂರ್ವಾನುಮತಿಯಿಲ್ಲದೆ ಯಾವ ಉದ್ದೇಶಕ್ಕೂ ಚಂದಾ ಎತ್ತುವಂತಿಲ್ಲ. ಹೇಡಿ ಎಂದವರು ಎನ್ನಲಿ. ನಾನು ಕೊಡಬಹುದು, ಕೊಡುತ್ತೇನೆ. ಮೇಜಿನಿಂದ ಮೇಜಿಗೆ ಹೋಗಿ ಕೇಳಲಾರೆ. ನಮ್ಮ ಸಂಘಗಳಲ್ಲಿ ಅರ್ಧಕ್ಕರ್ಧ ಸರ್ಕಾರಿ ನೌಕರರೇ ಇದ್ದೇವೆ. ಅವರ ಕೈಗೆ ಪುಸ್ತಕ ಕೊಡುವ ಮೊದಲು ಸಮಿತಿಯವರು ಒಂದು ಗಳಿಗೆ ಯೋಚಿಸಬೇಡವೇ?

ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಅವರು ಕೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ನನ್ನ ಮಗ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಆ ಸಮಿತಿಯ ಹನ್ನೊಂದು ಜನರಲ್ಲಿ ಮಗುವನ್ನು ಆ ಶಾಲೆಗೆ ಕಳಿಸಿದವರು ಒಬ್ಬರೂ ಇಲ್ಲ. ಅಲ್ಲಿ ಓದುವವರು ಕ್ಯಾಂಟೀನು ಕೆಲಸಗಾರರ, ಕಾವಲುಗಾರರ, ಮನೆಗೆಲಸದವರ ಮಕ್ಕಳು. ಅವರ ತಾಯಂದಿರಿಗೆ ಆ ರಾತ್ರಿ ಸಭಾಗೃಹದಲ್ಲಿ ಕುರ್ಚಿಯಿರಲಿಲ್ಲ. ಮುಂದಿನ ನಾಲ್ಕು ಸಾಲುಗಳನ್ನು ಗೌರವ ಪ್ರವೇಶ ಪತ್ರದವರಿಗೆಂದು ಕಾದಿರಿಸಿದ್ದರು, ಅದರಲ್ಲಿ ಎರಡು ಸಾಲು ಕೊನೆಯವರೆಗೂ ಖಾಲಿಯೇ ಉಳಿದವು. ಬಾಗಿಲಿಗೆ ಚಿಲಕವಿಲ್ಲದೆ ಒಂದು ವರ್ಷ ಕಳೆದೀತು ಎಂದು ನಾವು ಸಮಾಧಾನವಾಗಿ ಹೇಳಬಲ್ಲೆವಾದರೆ, ಒಳಗಿರುವುದು ನಮ್ಮ ಮಗಳಲ್ಲ ಎಂಬುದೇ ಅದಕ್ಕೆ ಕಾರಣ.

ಹೋದ ವಾರ ಈ ವರ್ಷದ ಟಿಕೇಟು ಪುಸ್ತಕ ಬಂತು. ಕಳೆದ ವರ್ಷದ ಎಪ್ಪತ್ತು ಸಾವಿರಕ್ಕೆ ಈ ವರ್ಷ ಎಷ್ಟು ಸೇರಿಸಬೇಕೆಂದಿದ್ದೀರಿ, ದುರಸ್ತಿ ಯಾವ ತಿಂಗಳು, ಎಂದು ತಂದವರನ್ನು ಕೇಳಿದೆ. 'ಅದೆಲ್ಲ ಆಮೇಲೆ ರಾಯರೇ, ಮುಖ್ಯ ಅತಿಥಿಗಳು ಇನ್ನೂ ನಿಶ್ಚಯವಾಗಿಲ್ಲ' ಎಂದರು.