ಬಡವನ ಹಸುವಿಗೆ ಮದ್ದು

ಒಂದೇ ಒಂದು ಹಸುವನ್ನು ಕಟ್ಟಿಕೊಂಡು, ಹಾಲು ಹಾಕಿ ಜೀವಿಸತಕ್ಕ ಸಂಸಾರದಲ್ಲಿ ಆ ಹಸುವಿಗೆ ಕೆಚ್ಚಲು ಬಾವು ಬಂದರೆ, ಮನೆಯ ಯಜಮಾನನೇ ಹಾಸಿಗೆ ಹಿಡಿದಂತೆ ಸರಿ. ಚಿಕಿತ್ಸೆಯು ತಡವಾಯಿತೆಂದರೆ ಮೊಲೆ ಬತ್ತುತ್ತದೆ. ಹಸುವು ಬಂದ ಬೆಲೆಗೆ ಸಂತೆಯ ಪಾಲಾಗಿ, ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಇಂತಹವರಿಗೆ ಸರ್ಕಾರದ ಸಹಾಯವೇ ಇಲ್ಲವೆಂದು ಹೇಳುವುದು ಅನ್ಯಾಯ. ಸಹಾಯವುಂಟು, ಅದು ಕೊಟ್ಟಿಗೆಯ ಬಾಗಿಲಿಗೆ ಬಾರದೆ ನಡುದಾರಿಯಲ್ಲಿಯೇ ನಿಲ್ಲುತ್ತಿದೆಯೆಂಬುದೇ ನಮ್ಮ ಆಕ್ಷೇಪ.

ಸರ್ಕಾರವು ಮನಸ್ಸು ಮಾಡಿದರೆ ಏನಾಗಬಲ್ಲದೆಂಬುದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ದೊಡ್ಡರೋಗವೆಂಬ ಮಾರಿಯು ಒಂದು ಕಾಲಕ್ಕೆ ಹಟ್ಟಿಹಟ್ಟಿಗಳನ್ನೇ ಬರಿದುಮಾಡುತ್ತಿದ್ದಿತು. ಅದರ ನಿವಾರಣೆಗೆ ಬೇಕಾದ ಸೀರಮ್ಮನ್ನು ತಯಾರಿಸಲು ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಮುಂದೆ ಸ್ವತಂತ್ರ ಭಾರತದಲ್ಲಿ ಬಡವ ಬಲ್ಲಿದನೆನ್ನದೆ ದನಗಳಿಗೆ ಲಸಿಕೆ ಬಿದ್ದಿತು. 2011ರಲ್ಲಿ ಆ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಮನುಷ್ಯರ ಸಿಡುಬನ್ನು ಬಿಟ್ಟರೆ ಹೀಗೆ ಬೇರುಸಹಿತ ಹೋದ ವ್ಯಾಧಿಯು ಇದೊಂದೇ.

ಕಾಲುಬಾಯಿ ಜ್ವರಕ್ಕೂ 2019ರಲ್ಲಿ ಕೇಂದ್ರ ಸರ್ಕಾರದ ಪೂರ್ಣ ವೆಚ್ಚದಲ್ಲಿ ಲಸಿಕೆಯ ಕಾರ್ಯಕ್ರಮವು ಆರಂಭವಾಯಿತು. ಇದಲ್ಲದೆ, ಒಂದು ಲಕ್ಷ ಪಶುಗಳಿಗೆ ಒಂದರಂತೆ ಸಂಚಾರಿ ಪಶುಚಿಕಿತ್ಸಾ ವಾಹನಗಳನ್ನು ಯೋಜಿಸಲಾಗಿದೆ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ವೈದ್ಯರು, ಸಹಾಯಕರು, ಚಾಲಕ ಈ ಮೂವರು ವಾಹನದೊಡನೆ ಮನೆಗೇ ಬರತಕ್ಕದ್ದು. ವ್ಯವಸ್ಥೆಯೇನೋ ಒಳ್ಳೆಯದೇ. ಆದರೆ ಈ ಸಂಖ್ಯೆಯನ್ನು ಇಸವಿಯೆಂದು ತಿಳಿಯುವವರೇ ಹಳ್ಳಿಗಳಲ್ಲಿ ಹೆಚ್ಚೆಂದು ತೋರುತ್ತದೆ! ಇದ್ದ ಒಂದು ವಾಹನವು ಒಂದೂರಿನಲ್ಲಿ ಕಷ್ಟದ ಹೆರಿಗೆಗೆ ನಿಂತರೆ, ಮತ್ತೊಂದೂರಿನ ಹಸುವು ಕಾಯಬೇಕು. ವೈದ್ಯರ ಹುದ್ದೆಗಳನ್ನು ಖಾಲಿ ಬಿಟ್ಟು ವಾಹನಕ್ಕೆ ಬಣ್ಣ ಬಳಿದರೆ ರೋಗ ವಾಸಿಯಾದೀತೆ?

ಎಲ್ಲಕ್ಕಿಂತ ದೊಡ್ಡ ತೊಡಕು ಔಷಧದ ಚೀಟಿ. ವೈದ್ಯರು ನೋಡುವುದು ಪುಕ್ಕಟೆಯಾದರೂ ಆಸ್ಪತ್ರೆಯಲ್ಲಿ ಮದ್ದಿಲ್ಲದಿದ್ದರೆ, ರೈತನು ಪೇಟೆಯ ಅಂಗಡಿಯಲ್ಲಿ ಹೇಳಿದ ಬೆಲೆಯನ್ನು ತೆರಬೇಕು. ಕೇಂದ್ರ ಮಂತ್ರಿಮಂಡಲವು 2025ರ ಮಾರ್ಚಿಯಲ್ಲಿ 'ಪಶು ಔಷಧಿ' ಎಂಬ ಹೊಸ ಅಂಗವನ್ನು ಮಂಜೂರು ಮಾಡಿ, ಅಗ್ಗದ ಜನರಿಕ್ ಮದ್ದುಗಳಿಗಾಗಿ 75 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು. ಸಹಕಾರ ಸಂಘಗಳ ಮೂಲಕವೂ ಅವುಗಳನ್ನು ಮಾರಬಹುದೆಂದು ಹೇಳಲಾಗಿದೆ. ಇದಕ್ಕೆ ನಮ್ಮ ಹಾಲು ಉತ್ಪಾದಕರ ಸಂಘಗಳಿಗಿಂತ ತಕ್ಕ ಸ್ಥಳವು ಬೇರೆ ಯಾವುದು? ದಿನಕ್ಕೆರಡು ಬಾರಿ ರೈತನು ಅಲ್ಲಿಗೆ ಹೋಗಿಯೇ ಹೋಗುತ್ತಾನೆ. ವೈದ್ಯರ ಚೀಟಿಯ ಮೇಲೆ ಮದ್ದನ್ನು ಕೊಟ್ಟು, ಬೆಲೆಯನ್ನು ಹಾಲಿನ ಬಟವಾಡೆಯಲ್ಲಿ ಕಂತುಕಂತಾಗಿ ಮುರಿದುಕೊಳ್ಳಬಹುದು. ಕೈಯಲ್ಲಿ ಕಾಸಿಲ್ಲದ ದಿನವೂ ಹಸು ಉಳಿಯುತ್ತದೆ.

ಕುರಿ ಮೇಕೆ ಸಾಕುವವರಿಗೆ ಈ ಸಂಘಗಳಿಂದ ಪ್ರಯೋಜನವಿಲ್ಲ. ಅವರ ಹೊಣೆಯನ್ನು ಪಂಚಾಯಿತಿಗಳು ಹೊರಬೇಕು. ಪಶುಪಾಲನೆಯು ರಾಜ್ಯಾಂಗದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲೊಂದೆಂಬುದನ್ನು ಅಧಿಕಾರಿ ಮಹಾಶಯರಿಗೆ ನಾವು ನೆನಪಿಸಬೇಕಾಗಿಲ್ಲ.

ಮಳೆಗಾಲದೊಡನೆ ಚಪ್ಪೆರೋಗ, ಗಳಲೆರೋಗಗಳೂ ಬರುತ್ತವೆ. ಆದುದರಿಂದ ಮುಂಗಾರಿಗೆ ಮೊದಲು ಪ್ರತಿಯೊಂದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ವೈದ್ಯರ ಹೆಸರು, ಅವರು ಸಿಕ್ಕುವ ವೇಳೆ, 1962ರ ಸಂಖ್ಯೆ, ಆಸ್ಪತ್ರೆಯಲ್ಲಿ ದಾಸ್ತಾನಿರುವ ಔಷಧಗಳ ಪಟ್ಟಿ ಇವಿಷ್ಟನ್ನು ಬರೆಯಿಸಬೇಕೆಂದು ಜಿಲ್ಲಾಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ. ಇದಕ್ಕೆ ಹೊಸ ಮಂಜೂರಾತಿಯೇನೂ ಬೇಡ. ಒಂದು ಡಬ್ಬಿ ಬಣ್ಣ ಸಾಕು.