ಕೀಟನಾಶಕಯುಕ್ತ ಬಸಿನೀರು ಮತ್ತು ಸಿಹಿನೀರು ಸಿಗಡಿ ಕೃಷಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ ಹಾಗೂ ಹೊನ್ನಾಳಿ ತಾಲ್ಲೂಕುಗಳ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆ ಮತ್ತು ಅಡಿಕೆ ತೋಟಗಳ ಬಸಿನೀರು ಹಳ್ಳ, ಕೆರೆಗಳನ್ನು ಸೇರುತ್ತದೆ. ಸಿಗಡಿಯು ಕೀಟಗಳಂತೆಯೇ ಸಂಧಿಪದಿಯಾದುದರಿಂದ, ಕೀಟಗಳ ನರಮಂಡಲವನ್ನು ಬಾಧಿಸುವ ಸೈಪರ್‌ಮೆಥ್ರಿನ್ ಹಾಗೂ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿಗೆ ಸೇರಿದ ಕ್ಲೋರ್‌ಪೈರಿಫಾಸ್ ಅದಕ್ಕೂ ಮಾರಕ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರವು ಕಿವಿರುಗಳಿಗೆ ಹಾನಿಕರ. ಚಿಪ್ಪು ಕಳಚಿದ ಅವಧಿಯಲ್ಲಿ ಅಪಾಯ ಇನ್ನೂ ಹೆಚ್ಚು.

ಮೀನು ತಾಳಿಕೊಳ್ಳುವ ಪ್ರಮಾಣದಲ್ಲಿಯೂ ಸಿಗಡಿ ಸಾಯಬಹುದು. ಆದ್ದರಿಂದ ಮೀನು ಬದುಕಿರುವುದು ನೀರಿನ ಶುದ್ಧತೆಗೆ ಸಾಕ್ಷಿಯಲ್ಲ. ಮಳೆ ಕಡಿಮೆ ಇರುವ ಜಗಳೂರಿನಲ್ಲಿ ಬೇಸಿಗೆಯಲ್ಲಿ ನೀರು ಇಳಿದಂತೆ ಅಮೋನಿಯಾ ಹೆಚ್ಚಿ, ಆಮ್ಲಜನಕ ಕುಸಿಯಬಹುದು.

ಸಿಂಪರಣೆಯಾದ ಜಮೀನಿನ ನೀರು ಕೊಳಕ್ಕೆ ಹರಿಯದಂತೆ ಬದು ನಿರ್ಮಿಸುವುದು ಹಾಗೂ ಮರಿ ಬಿತ್ತನೆಗೆ ಮುನ್ನ ನೀರಿನ ಪರೀಕ್ಷೆ ಮಾಡಿಸುವುದು ಅತ್ಯಗತ್ಯ.