ಬಾಯಿ ಬಿಡಲಾಗದ ಬಕಾಸುರ

ಬೈಂದೂರು ಕಡೆಯ ಗದ್ದೆಯೊಂದರಲ್ಲಿ ಯಕ್ಷಗಾನದ ಹರಕೆ ಆಟ. ನನ್ನದು ಬಕಾಸುರ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಟ್ಟು ಮುಗಿಯುವಾಗ ರಾತ್ರಿ ಎರಡು ಗಂಟೆ. ತೆರೆಯ ಹಿಂದೆ ನಿಂತು ಆರ್ಭಟ ಕೊಡಲು ಹೊರಟರೆ ಬಾಯಿ ಅರ್ಧಕ್ಕೇ ನಿಂತಿತು. ಸ್ವರ ಮೂಗಿನಿಂದ ಬಂತು. ಚೆಂಡೆಯ ಅಬ್ಬರದಲ್ಲಿ ಸಭೆಗೆ ಗೊತ್ತಾಗಲಿಲ್ಲ. ಬಣ್ಣ ಹಚ್ಚುವ ಚೌಕಿಗೆ ಬಂದ ಮೇಲೆ ಜೊತೆಯ ವೇಷಧಾರಿ ಕೇಳಿದ: "ಎಂತಾಯ್ತ್ ಮಾರ್ರೆ, ಬಾಯಿ ಬಿಡುಕ್ ಆತಿಲ್ಯಾ?" ನಾನು ನಕ್ಕು ಇನ್ನೊಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡೆ.

ಬಾಯಿಯಲ್ಲಿ ಉರಿ ಶುರುವಾಗಿ ಆಗಲೇ ಎರಡು ವರ್ಷ. ಬಂಡಿ ಅನ್ನ ಉಣ್ಣಬೇಕಾದ ಬಕಾಸುರ ಮನೆಯಲ್ಲಿ ಮೀನಿನ ಸಾರು ಬಿಟ್ಟು ಮಜ್ಜಿಗೆ ಅನ್ನ ನುಂಗುತ್ತಿದ್ದ. ಉಷ್ಣ ಇರಬೇಕೆಂದು ಹೆಂಡತಿ ಎಳನೀರು ಕೊಟ್ಟಳು. ಬಣ್ಣದ ದೋಷ ಎಂದವರೂ ಇದ್ದರು. ಹಿಂದಿನವರು ಮುಖಕ್ಕೆ ಹಚ್ಚುತ್ತಿದ್ದ ಇಂಗಳಿಕದಲ್ಲಿ ಪಾದರಸ, ಅರದಾಳದಲ್ಲಿ ಆರ್ಸೆನಿಕ್ ಇರುವುದು ನಿಜವೇ. ಆದ್ದರಿಂದ ನಮಗೆಲ್ಲ ಮುಖಕ್ಕೆ ಹಚ್ಚುವುದರ ಭಯ. ಬಾಯಿಗೆ ಹಾಕುವುದರ ಭಯ ಯಾರಿಗೂ ಇರಲಿಲ್ಲ.

ಮಣಿಪಾಲದ ದಂತ ವೈದ್ಯಕೀಯ ಕಾಲೇಜಿಗೆ ಹೋದಾಗ ಡಾಕ್ಟರಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಿ ಎಂದರು. ಎರಡೂ ಸರಿಯಾಗಿ ಹೋಗಲಿಲ್ಲ. ಅಳೆದರೆ 21 ಮಿಲಿಮೀಟರ್. ಕೆನ್ನೆಯ ಒಳಭಾಗವನ್ನು ನನ್ನ ಬೆರಳಿನಿಂದಲೇ ಮುಟ್ಟಿಸಿದರು. ಮೆತ್ತಗೆ ಇರಬೇಕಾದ ಜಾಗದಲ್ಲಿ ಒಣಗಿದ ಅಡಿಕೆ ಹಾಳೆಯ ಬಿರುಸು, ನಡುವೆ ಹಗ್ಗದಂತೆ ನಾರು.

"ತಂಬಾಕು ಎಷ್ಟು ವರ್ಷದಿಂದ?"

"ಮುಟ್ಟಿದವನೇ ಅಲ್ಲ."

"ಅಡಿಕೆ ಒಂದೇ ಸಾಕು."

ಆ ಮಾತು ನನಗೆ ನಂಬಿಕೆಯಾಗಲಿಲ್ಲ. ಹೊಗೆಸೊಪ್ಪು ತಿನ್ನುವವರನ್ನು ಕಂಡು ಮೂಗು ಮುರಿಯುತ್ತಿದ್ದ ಜನ ನಾವು. ಬರೀ ಎಲೆ, ಸುಣ್ಣ, ಅಡಿಕೆ ಎಂದರೆ ಮರ್ಯಾದೆಯ ಲೆಕ್ಕ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ತಂಬಾಕು ಬೆರೆತ ವೀಳ್ಯವನ್ನು ಕ್ಯಾನ್ಸರ್‌ಕಾರಕ ಎಂದಿತ್ತು, 2004ರಲ್ಲಿ ತಂಬಾಕಿಲ್ಲದ ವೀಳ್ಯವನ್ನೂ ಅಡಿಕೆಯನ್ನೂ ಅದೇ ಸಾಲಿಗೆ ಸೇರಿಸಿತು. ನನ್ನ ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಬಾಯಿಯ ಚರ್ಮದಡಿಯಲ್ಲಿ ನಾರು ಬೆಳೆಸುತ್ತದೆ. ಕೆನ್ನೆ ಬಿಳಚುತ್ತದೆ, ತುಟಿ ಬಿಗಿಯುತ್ತದೆ, ನಾಲಿಗೆ ಹೊರಚಾಚಲು ಕಷ್ಟ, ಕಿರುನಾಲಿಗೆ ಮುರುಟುತ್ತದೆ. 1952ರಲ್ಲಿ ಇದನ್ನು ವೈದ್ಯರು ಮೊದಲು ಬರೆದಿಟ್ಟದ್ದು ಕೆನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಿ ನೋಡಿ. ಕಡಲು ದಾಟಿದರೂ ಅಡಿಕೆ ಜೊತೆಗೇ ಹೋಗಿತ್ತು. ಈ ಕಾಯಿಲೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಹಾಗಾಗಿ ನನಗೆ ಆರು ತಿಂಗಳಿಗೊಮ್ಮೆ ಮಣಿಪಾಲದ ದಾರಿ.

ಅಡಿಕೆ ಬಿಟ್ಟರೂ ಹೋದದ್ದು ಪೂರ್ತಿ ಮರಳುವುದಿಲ್ಲ. ಕೆನ್ನೆಯೊಳಗೆ ಇಂಜೆಕ್ಷನ್ ಆಯಿತು. ಈಗ ದಿನಾ ಬೆಳಿಗ್ಗೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಅಟ್ಟಿಯಾಗಿ ಹಲ್ಲುಗಳ ನಡುವೆ ಇಟ್ಟು ಕೂರುತ್ತೇನೆ. ಹತ್ತು ಕಡ್ಡಿಯಲ್ಲಿ ಶುರು ಮಾಡಿದ್ದು, ಒಂದು ವರ್ಷಕ್ಕೆ ಹದಿಮೂರಾಗಿದೆ. ಮೊಮ್ಮಗಳು ಎಣಿಸುತ್ತಾಳೆ.

ಹಾಲಾಡಿ ಕಡೆಯಲ್ಲಿ ನನ್ನದೂ ಇನ್ನೂರು ಮರದ ತೋಟವಿದೆ. ಅಡಿಕೆ ಬೆಳೆಯಬೇಡಿ ಎನ್ನುವಷ್ಟು ಧೈರ್ಯ ನನಗಿಲ್ಲ, ಸೊಸೈಟಿ ಸಾಲ ಇನ್ನೂ ತೀರಿಲ್ಲ. ಆದರೆ ತೋಟದ ಮರ್ಯಾದೆ ಉಳಿಸಲೆಂದು ತಪ್ಪನ್ನೆಲ್ಲ ತಂಬಾಕಿನ ತಲೆಗೆ ಕಟ್ಟುವ ಭಾಷಣ ಕೇಳಿದಾಗ ಮೈ ಉರಿಯುತ್ತದೆ. ಕರ್ನಾಟಕದಲ್ಲಿ 2013ರ ಮೇ ಕೊನೆಗೆ ಗುಟ್ಕಾ ನಿಷೇಧವಾಯಿತು. ಆಮೇಲೆ ಅಂಗಡಿಗಳಲ್ಲಿ ಪಾನ್ ಮಸಾಲದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ನೇತಾಡತೊಡಗಿದವು. ಸುಪಾರಿ ಪ್ಯಾಕೆಟ್ಟಿನ ಮೇಲಾದರೂ ಹಾನಿಕರ ಎಂದು ಬರೆದಿರುತ್ತದೆ. ಅಂಗಳದಲ್ಲಿ ಒಣಗಿಸಿ ಮನೆಯಲ್ಲೇ ಸುಲಿದ ಅಡಿಕೆಯ ಮೇಲೆ ಬರೆಯುವವರು ಯಾರು?

ನಮ್ಮ ಚೌಕಿಯಲ್ಲಂತೂ ಅಡಿಕೆಗೆ ಬರವಿಲ್ಲ. ಮಂದಾರ್ತಿ ಮೇಳವಿರಲಿ, ಮಾರಣಕಟ್ಟೆ ಮೇಳವಿರಲಿ, ಹರಕೆ ಆಟವೆಂದರೆ ಮನೆಯವರು ಹರಿವಾಣ ತುಂಬ ವೀಳ್ಯ ತಂದಿಡುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ. ನವೆಂಬರಿನಿಂದ ಮೇ ತನಕ ರಾತ್ರಿಯಿಡೀ ಎಚ್ಚರವಿರಬೇಕಾದವರಿಗೆ ನಿದ್ದೆ ತಡೆಯಲು ಅದೇ ಮದ್ದು. ಹೊಸ ಹುಡುಗರು ಬಾಲಗೋಪಾಲ ವೇಷ ಕಟ್ಟುವಾಗಲೇ ಹಿರಿಯರ ಎಲೆಯಡಿಕೆ ಸಂಚಿಗೆ ಕೈ ಹಾಕಲು ಕಲಿಯುತ್ತಾರೆ. ನಾನೂ ಹಾಗೇ ಕಲಿತದ್ದು, ನನ್ನ ಸಂಚಿಯಿಂದ ಕಲಿತವರೂ ಇದ್ದಾರೆ. ಮಾತಿನಿಂದ ಅನ್ನ ತಿನ್ನುವ ನಾವು ಬಾಯನ್ನೇ ಹೀಗೆ ಹೊಲಿದುಕೊಳ್ಳುತ್ತೇವೆ.

ಆಟ ಆಡಿಸುವ ಮನೆಯವರಲ್ಲಿ ಒಂದು ಮಾತು. ದೇವರೆದುರು ವೀಳ್ಯ ಇಡಿ, ಗಣಪತಿ ಪೂಜೆಗೆ ಇಡಿ. ಚೌಕಿಯ ಹರಿವಾಣಕ್ಕೆ ಮಾತ್ರ ಬೇಡ, ಎರಡನೇ ಸುತ್ತು ಚಹಾ ಕಳಿಸಿ. ಮೇಳದ ಯಜಮಾನರಲ್ಲಿ, ಕಲಾವಿದರ ಕಷ್ಟಸುಖ ನೋಡುವ ಸಂಘಗಳಲ್ಲಿ ಇನ್ನೊಂದು ಮಾತು. ಬಿ.ಪಿ., ಶುಗರ್, ಕಣ್ಣು ಎಲ್ಲದಕ್ಕೂ ಶಿಬಿರ ಮಾಡುತ್ತೀರಿ. ಈ ಸಲ ತಿರುಗಾಟಕ್ಕೆ ಗೆಜ್ಜೆ ಕಟ್ಟುವ ಮುಂಚೆ ದಂತವೈದ್ಯರೊಬ್ಬರನ್ನು ಕರೆಸಿ, ಪ್ರತಿಯೊಬ್ಬರ ಬಾಯಿ ತೆರೆಸಿ ನೋಡಿಸಿ. ಬೇಕಾಗುವುದು ಒಂದು ಟಾರ್ಚು, ಮೂರು ಬೆರಳು.